ಬೀಗದ ಕೈ ಕೊಡುವ ಮುನ್ನ ಆದೇಶ ಬರೆಯೋಣ

ಸರ್ಕಾರಿ ಸೇವೆಗೆ ಸೇರಿದವರು ಮೊದಲ ಕೆಲವು ತಿಂಗಳಲ್ಲೇ ಕಲಿಯುವ ಪಾಠವೊಂದಿದೆ. ಅಧಿಕಾರವನ್ನು ಬಾಯಿಮಾತಿನಲ್ಲಿ ವಹಿಸಿಕೊಡುವಂತಿಲ್ಲ. ಯಾರು, ಯಾವ ವಿಷಯದಲ್ಲಿ, ಎಷ್ಟು ಮೊತ್ತದವರೆಗೆ, ಯಾರ ಪರವಾಗಿ ತೀರ್ಮಾನ ಕೈಗೊಳ್ಳಬಹುದು ಎಂಬುದಕ್ಕೆ ಲಿಖಿತ ಆದೇಶ ಇರಬೇಕು. ‘ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ’ ಎಂಬ ಒರಟು ಹೆಸರಿನ ಆ ಕಡತವನ್ನು ಹೊರಗಿನವರು ಕೆಂಪುಪಟ್ಟಿಯ ಮತ್ತೊಂದು ಸುತ್ತು ಎಂದು ಹಾಸ್ಯ ಮಾಡುವುದುಂಟು. ಆದರೆ ಲೆಕ್ಕ ತಪ್ಪಿದ ದಿನ ಯಾರನ್ನು ಕೇಳಬೇಕೆಂದು ತೋರಿಸಿಕೊಡುವುದು ಆ ಕಡತವೇ. ಈ ಹಳೆಯ ಪಾಠವನ್ನು ನೆನಪಿಸಿಕೊಳ್ಳಬೇಕಾದ ಸಂದರ್ಭ ಈಗ ಸರ್ಕಾರಿ ಕಚೇರಿಗಳ ಹೊರಗೆ, ಸಣ್ಣ ಕೈಗಾರಿಕೆಗಳ ಕಚೇರಿ ಕೋಣೆಗಳಲ್ಲಿ ಒದಗಿಬಂದಿದೆ. ಅಲ್ಲಿ ಸಂಬಳವಿಲ್ಲದ, ರಜೆ ಕೇಳದ, ಹೆಸರಿಲ್ಲದ ಹೊಸ ಗುಮಾಸ್ತನೊಬ್ಬ ಕೆಲಸಕ್ಕೆ ಸೇರಿದ್ದಾನೆ. ಅವನನ್ನು ‘ಎಐ ಏಜೆಂಟ್’ ಎಂದು ಕರೆಯುತ್ತಾರೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೈಗಾರಿಕಾ ಪ್ರದೇಶದಿಂದ. ಆಂಧ್ರದ ಗಡಿ ಹತ್ತಿರವಿರುವುದರಿಂದ ಇಲ್ಲಿಯ ವ್ಯವಹಾರ ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ಮುಗಿಯುವುದು ಅಪರೂಪವೇನಲ್ಲ. ನನ್ನ ಸೋದರಳಿಯ ಅಲ್ಲಿ ಹನಿ ನೀರಾವರಿಗೆ ಬೇಕಾದ ಪ್ಲಾಸ್ಟಿಕ್ ಬಿಡಿಭಾಗಗಳ ಸಣ್ಣ ಘಟಕವೊಂದನ್ನು ನಡೆಸುತ್ತಾನೆ. ಕೊಳವೆಬಾವಿಯ ನೀರನ್ನು ತೊಟ್ಟು ತೊಟ್ಟಾಗಿ ಎಣಿಸಿ ಬಳಸುವ ಈ ಸೀಮೆಯಲ್ಲಿ ಅವನ ಸರಕಿಗೆ ಬೇಡಿಕೆಯ ಕೊರತೆಯಿಲ್ಲ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದಿಂದ ಚಿಂತಾಮಣಿಯ ಟೊಮೆಟೊ ಹೊಲದವರೆಗೆ, ಗಡಿಯಾಚೆಯ ಹಿಂದೂಪುರದವರೆಗೆ ಅವನ ಮಾರಾಟಗಾರರಿದ್ದಾರೆ. ಅವನಿಗಿರುವ ತೊಂದರೆ ಬೇರೆ. ಯಾರಿಗೆ ಎಷ್ಟು ಮಾಲು ಹೋಯಿತು, ಯಾರಿಂದ ಹಣ ಬರಬೇಕು, ಯಾವ ರೈತ ಯಾವ ದೂರು ಕೊಟ್ಟ, ಅದಕ್ಕೆ ಉತ್ತರ ಹೋಯಿತೆ ಎಂಬುದನ್ನೆಲ್ಲ ನೋಡಿಕೊಳ್ಳಲು ಕಚೇರಿಯಲ್ಲಿರುವುದು ಇಬ್ಬರೇ. ಅವರಲ್ಲೊಬ್ಬಳು ಗೌರಿಬಿದನೂರಿನಲ್ಲಿ ಬಿ.ಕಾಂ. ಓದಿ ಬಂದ ಹುಡುಗಿ.

ವ್ಯಾಪಾರಿಗಳು ಹಿಂದೆ ಇದನ್ನೆಲ್ಲ ಕೆಂಪು ಬಟ್ಟೆಯ ರಟ್ಟಿನ ಖಾತೆ ಪುಸ್ತಕದಲ್ಲಿಯೂ ಹೆಚ್ಚಾಗಿ ತಲೆಯಲ್ಲಿಯೂ ಇಟ್ಟುಕೊಳ್ಳುತ್ತಿದ್ದರು. ಆ ಪುಸ್ತಕದ ಇಂದಿನ ರೂಪವೇ ಗ್ರಾಹಕ ಸಂಬಂಧ ನಿರ್ವಹಣಾ ತಂತ್ರಾಂಶ, ಬಳಕೆಯ ಮಾತಿನಲ್ಲಿ ಸಿಆರ್‌ಎಂ. 1999ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಸೇಲ್ಸ್‌ಫೋರ್ಸ್ ಈ ತಂತ್ರಾಂಶವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ನೆರೆಯ ತಮಿಳುನಾಡಿನಿಂದ ಬೆಳೆದ ಜೋಹೊ ಮತ್ತು ಫ್ರೆಶ್‌ವರ್ಕ್ಸ್ ಸಂಸ್ಥೆಗಳು ಅದನ್ನು ಸಣ್ಣ ಉದ್ದಿಮೆದಾರನ ಕೈಗೆಟುಕುವ ಬೆಲೆಗೆ ತಂದವು. ಗ್ರಾಹಕನ ಹೆಸರು, ದೂರವಾಣಿ ಸಂಖ್ಯೆ, ಖರೀದಿಯ ಇತಿಹಾಸ, ಬಾಕಿ, ದೂರು, ಮಾತುಕತೆಯ ಟಿಪ್ಪಣಿ ಎಲ್ಲವೂ ಒಂದೆಡೆ. ಉದ್ದಿಮೆದಾರನ ಯಂತ್ರೋಪಕರಣಗಳಿಗಿಂತಲೂ ಹೆಚ್ಚು ಬೆಲೆಬಾಳುವ ಆಸ್ತಿ ಇದೆಂದರೆ ಅತಿಶಯೋಕ್ತಿಯಲ್ಲ. ಯಂತ್ರ ಕೆಟ್ಟರೆ ಸಾಲ ತಂದು ಮತ್ತೊಂದನ್ನು ಕೊಳ್ಳಬಹುದು. ಗ್ರಾಹಕರ ವಿಶ್ವಾಸವನ್ನು ಕೊಳ್ಳುವ ಅಂಗಡಿ ಎಲ್ಲಿಯೂ ಇಲ್ಲ.

ಇಂಥ ಖಾತೆ ಪುಸ್ತಕಕ್ಕೆ ಸೋದರಳಿಯ ಕೃತಕ ಬುದ್ಧಿಮತ್ತೆಯ ಏಜೆಂಟನ್ನು ಜೋಡಿಸಲು ಹೊರಟಿದ್ದ. ಜೋಡಣೆಯ ಬಗೆ ಕುತೂಹಲಕರವಾದದ್ದು. ಬಣ್ಣಬಣ್ಣದ ಚಿತ್ರಗಳನ್ನು ಒತ್ತುತ್ತ ಕೆಲಸ ಮಾಡುವ ಪರದೆಯ ಬದಲು, ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲಿನ ಆದೇಶವನ್ನು ಬೆರಳಚ್ಚಿಸುವ ‘ಕಮಾಂಡ್ ಲೈನ್’ ವಿಧಾನವದು. ಎಂಬತ್ತರ ದಶಕದ ಕೊನೆಯಲ್ಲಿ ಜಿಲ್ಲಾ ಕೇಂದ್ರಗಳಿಗೆ ಬಂದ ಮೊದಲ ಗಣಕಯಂತ್ರಗಳನ್ನು ಕಂಡ ನನ್ನ ಪೀಳಿಗೆಯ ಅಧಿಕಾರಿಗಳಿಗೆ ಈ ಕಪ್ಪು ಪರದೆ ಹಳೆಯ ಪರಿಚಯ. ಸತ್ತುಹೋಯಿತೆಂದುಕೊಂಡಿದ್ದ ಈ ವಿಧಾನ ಮರಳಿ ಬಂದಿರುವುದಕ್ಕೆ ಕಾರಣ ಸರಳ. ಚಿತ್ರಗಳನ್ನು ಒತ್ತುವುದು ಮನುಷ್ಯನಿಗೆ ಸುಲಭ. ಪಠ್ಯವನ್ನು ಓದಿ ಪಠ್ಯವನ್ನು ಬರೆಯುವುದು ಭಾಷಾ ಮಾದರಿಗೆ ಸುಲಭ. ಉದಾಹರಣೆಗೆ ಸೇಲ್ಸ್‌ಫೋರ್ಸ್ ಒದಗಿಸುವ ಕಮಾಂಡ್ ಲೈನ್ ಉಪಕರಣದಲ್ಲಿ ಪ್ರತಿ ಆದೇಶವೂ ‘ಎಸ್‌ಎಫ್’ ಎಂಬ ಎರಡಕ್ಷರದಿಂದ ಆರಂಭವಾಗುತ್ತದೆ. ‘ಡೇಟಾ ಕ್ವೆರಿ’ ಎಂದರೆ ದಾಖಲೆ ಹುಡುಕು, ‘ಅಪ್‌ಡೇಟ್ ರೆಕಾರ್ಡ್’ ಎಂದರೆ ತಿದ್ದು, ‘ಡಿಲೀಟ್ ರೆಕಾರ್ಡ್’ ಎಂದರೆ ಅಳಿಸು. ಮಾಲೀಕ ಒಮ್ಮೆ ಗುರುತು ದೃಢಪಡಿಸಿ ಒಳಹೊಕ್ಕರೆ ಸಾಕು. ಆ ಅನುಮತಿಯ ಡಿಜಿಟಲ್ ಚೀಟಿ ಗಣಕದಲ್ಲೇ ಉಳಿದು ಮುಂದಿನ ಆದೇಶಗಳೆಲ್ಲ ಅದರ ಬಲದಿಂದ ನಡೆಯುತ್ತವೆ.

2025ರಲ್ಲಿ ಈ ಕಪ್ಪು ಪರದೆಯೊಳಗೇ ಕೆಲಸ ಮಾಡುವ ಏಜೆಂಟ್‌ಗಳು ಒಂದರ ಹಿಂದೊಂದು ಬಂದವು. ಫೆಬ್ರುವರಿಯಲ್ಲಿ ಆಂತ್ರೋಪಿಕ್‌ನ ಕ್ಲಾಡ್ ಕೋಡ್, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ಇವುಗಳಿಗೂ ಹೊರಗಿನ ತಂತ್ರಾಂಶಗಳಿಗೂ ನಡುವೆ ಸಮಾನ ಮಾತುಕತೆಯ ಕ್ರಮವೊಂದಿರಲಿ ಎಂದು ಆಂತ್ರೋಪಿಕ್ 2024ರ ನವೆಂಬರ್‌ನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮಾನಕವನ್ನು ಮುಕ್ತವಾಗಿ ಪ್ರಕಟಿಸಿತು. ಕೆಲಸದ ಕ್ರಮ ಹೀಗೆ: ನಾವು ಸಾಮಾನ್ಯ ಭಾಷೆಯಲ್ಲಿ ಕೆಲಸ ಹೇಳುತ್ತೇವೆ. ಏಜೆಂಟ್ ಅದಕ್ಕೆ ತಕ್ಕ ಆದೇಶವನ್ನು ತಾನೇ ರಚಿಸಿ ಚಲಾಯಿಸುತ್ತದೆ, ಬಂದ ಉತ್ತರವನ್ನು ಓದುತ್ತದೆ, ಅದರ ಆಧಾರದ ಮೇಲೆ ಮುಂದಿನ ಆದೇಶವನ್ನು ನಿರ್ಧರಿಸುತ್ತದೆ. ಕೆಲಸ ಮುಗಿಯಿತೆಂದು ಅದಕ್ಕೆ ಅನ್ನಿಸುವವರೆಗೂ ಈ ಸುತ್ತು ಮುಂದುವರಿಯುತ್ತದೆ.

ಸೋದರಳಿಯ ನನ್ನೆದುರಿಗೇ ಅದನ್ನು ಪರೀಕ್ಷಿಸಿದ. ‘ಮೂರು ತಿಂಗಳಿಂದ ಮಾಲು ತರಿಸದ, ಆದರೆ ಬಾಕಿ ಉಳಿಸಿಕೊಂಡ ಅಂಗಡಿಗಳಾವುವು? ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ಮರ್ಯಾದೆಯಿಂದ ಒಂದು ಜ್ಞಾಪನೆ ಬರೆ’ ಎಂದು ಕೇಳಿದ. ಕೆಲವೇ ನಿಮಿಷಗಳಲ್ಲಿ ಪಟ್ಟಿಯೂ ಬಂತು, ಕನ್ನಡ ಮತ್ತು ತೆಲುಗಿನಲ್ಲಿ ಕರಡು ಪತ್ರಗಳೂ ಬಂದವು. ಇದೇ ಕೆಲಸಕ್ಕೆ ಆ ಹುಡುಗಿಗೆ ಎರಡು ದಿನ ಬೇಕಾಗುತ್ತಿತ್ತಂತೆ. ‘ಇನ್ನೇನು ಮಾವ, ಪತ್ರಗಳನ್ನು ತಾನೇ ಕಳಿಸಿಬಿಡಲಿ, ಬಾಕಿಯನ್ನೂ ತಾನೇ ತಿದ್ದಿಬಿಡಲಿ ಎಂದು ಬಿಡುವುದಷ್ಟೇ’ ಎಂದ. ‘ಬಿಡುವುದಕ್ಕೆ ಮುಂಚೆ ಅದಕ್ಕೆ ಏನೇನು ಅಧಿಕಾರ ಕೊಟ್ಟಿದ್ದೀಯ ಎಂದು ಬರೆದಿದ್ದೀಯೇನಪ್ಪಾ?’ ಎಂದೆ. ಅವನು ತನ್ನದೇ ಆಡಳಿತಗಾರ ಖಾತೆಯ ಪೂರ್ಣ ಅಧಿಕಾರವನ್ನು ಅದಕ್ಕೆ ಕೊಟ್ಟಿದ್ದ. ಅಂದರೆ ಸೇರಿದ ಮೊದಲ ದಿನವೇ ಗುಮಾಸ್ತನ ಕೈಗೆ ಮಾಲೀಕನ ಸಹಿ, ಮೊಹರು ಮತ್ತು ಗೋದಾಮಿನ ಬೀಗದ ಕೈ ಮೂರನ್ನೂ ಕೊಟ್ಟಂತಾಗಿತ್ತು.

ಅವನ ಉತ್ಸಾಹವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ರೊನಾಲ್ಡ್ ಕೋಸ್ 1937ರಲ್ಲಿ ಎತ್ತಿದ ಪ್ರಶ್ನೆ ನೆನಪಿರುತ್ತದೆ: ಮಾರುಕಟ್ಟೆಯೇ ಎಲ್ಲವನ್ನೂ ನಿಭಾಯಿಸುವುದಾದರೆ ಸಂಸ್ಥೆಗಳೇಕೆ ಇರಬೇಕು? ಹುಡುಕುವುದಕ್ಕೆ, ಚೌಕಾಸಿಗೆ, ಒಪ್ಪಂದ ಜಾರಿಗೊಳಿಸುವುದಕ್ಕೆ ತಗಲುವ ವಹಿವಾಟು ವೆಚ್ಚವೇ ಅದಕ್ಕೆ ಕಾರಣ ಎಂಬುದು ಅವರ ಉತ್ತರ. ದೊಡ್ಡ ಕಂಪನಿ ಈ ವೆಚ್ಚವನ್ನು ನೂರಾರು ನೌಕರರ ವಿಭಾಗಗಳನ್ನಿಟ್ಟುಕೊಂಡು ನಿಭಾಯಿಸುತ್ತದೆ. ಸಣ್ಣವನು ತನ್ನ ರಾತ್ರಿಯ ನಿದ್ದೆಯನ್ನು ಕೊಟ್ಟು ನಿಭಾಯಿಸುತ್ತಾನೆ. ಬಾಕಿ ವಸೂಲಿಯ ವಿಳಂಬದಿಂದಲೇ ಸಣ್ಣ ಘಟಕಗಳು ಬಾಗಿಲು ಹಾಕುವುದನ್ನು ಸೇವೆಯಲ್ಲಿದ್ದಾಗ ಹತ್ತಿರದಿಂದ ಕಂಡಿದ್ದೇನೆ. ಈ ವೆಚ್ಚವನ್ನು ತಗ್ಗಿಸುವ ಉಪಕರಣ ಕುಡುಮಲಕುಂಟೆಯ ಒಂದು ಶೆಡ್ಡಿಗೂ ದೊರೆಯುವಂತಾಗಿದ್ದರೆ ಅದು ಸ್ವಾಗತಾರ್ಹ. ಪ್ರಶ್ನೆಯಿರುವುದು ಅದನ್ನು ಯಾವ ಷರತ್ತಿನ ಮೇಲೆ ಒಳಗೆ ಬಿಟ್ಟುಕೊಳ್ಳಬೇಕು ಎಂಬುದರಲ್ಲಿ.

‘ಏಜೆಂಟ್’ ಎಂಬ ಪದ ಗಣಕ ವಿಜ್ಞಾನಿಗಳ ಸೃಷ್ಟಿಯಲ್ಲ. ನಮ್ಮ 1872ರ ಕರಾರು ಕಾಯ್ದೆಯ ಹತ್ತನೆಯ ಅಧ್ಯಾಯ ಪೂರ್ತಿಯಾಗಿ ಏಜೆನ್ಸಿಗೆ ಮೀಸಲು. ಅದರ 182ನೇ ಕಲಮಿನ ಪ್ರಕಾರ ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ಕಾರ್ಯ ನಿರ್ವಹಿಸಲು ನೇಮಕಗೊಂಡ ‘ವ್ಯಕ್ತಿ’. ಯಂತ್ರ ವ್ಯಕ್ತಿಯಲ್ಲ, ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ಅದು ಏಜೆಂಟೂ ಅಲ್ಲ, ಮಾಲೀಕನ ಕೈಯ ಉಪಕರಣವಷ್ಟೇ. ಆದರೂ 184ನೇ ಕಲಮಿನಲ್ಲಿ ಒಂದು ಬೋಧಪ್ರದ ಹೋಲಿಕೆಯಿದೆ. ಅಪ್ರಾಪ್ತ ವಯಸ್ಕನನ್ನೂ ಏಜೆಂಟನಾಗಿ ನೇಮಿಸಿಕೊಳ್ಳಬಹುದು. ಅವನ ಮಾತು ಹೊರಗಿನವರ ಎದುರು ಮಾಲೀಕನನ್ನು ಕಟ್ಟಿಹಾಕುತ್ತದೆ. ಆದರೆ ನಷ್ಟವಾದರೆ ಮಾಲೀಕ ಅವನನ್ನು ಹೊಣೆ ಮಾಡುವಂತಿಲ್ಲ. ನೂರೈವತ್ತು ವರ್ಷಗಳಷ್ಟು ಹಿಂದೆ ಬರೆದ ಈ ವಾಕ್ಯ ಇಂದಿನ ಎಐ ಏಜೆಂಟಿನ ಸ್ಥಿತಿಯನ್ನು ನಿಖರವಾಗಿ ವರ್ಣಿಸುತ್ತದೆ. ಅದು ಕೊಟ್ಟ ಮಾತಿಗೆ ನೀವು ಬದ್ಧರು. ಅದು ಮಾಡಿದ ನಷ್ಟಕ್ಕೆ ಅದನ್ನು ನ್ಯಾಯಾಲಯಕ್ಕೆ ಎಳೆಯಲಾರಿರಿ.

ಇದು ಊಹೆಯ ಮಾತಲ್ಲ. ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದಲ್ಲಿದ್ದ ಚಾಟ್‌ಬಾಟ್, ಕುಟುಂಬದಲ್ಲಿ ಸಾವಾದಾಗ ದೊರೆಯುವ ರಿಯಾಯಿತಿ ದರದ ಬಗ್ಗೆ ಪ್ರಯಾಣಿಕನೊಬ್ಬನಿಗೆ ತಪ್ಪು ಮಾಹಿತಿ ನೀಡಿತ್ತು. ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಜವಾಬ್ದಾರಿಯಾದ ಪ್ರತ್ಯೇಕ ಅಸ್ತಿತ್ವ ಎಂಬಂತೆ ಸಂಸ್ಥೆ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು. ತತ್ವ ದೊಡ್ಡದು.

ಅರ್ಥಶಾಸ್ತ್ರದಲ್ಲಿ ಮಾಲೀಕ ಮತ್ತು ಏಜೆಂಟರ ಸಂಬಂಧದ ಸಮಸ್ಯೆ ಹಳೆಯದು. ಜಮೀನ್ದಾರ ಮತ್ತು ಪಾರುಪತ್ಯಗಾರ, ಷೇರುದಾರ ಮತ್ತು ವ್ಯವಸ್ಥಾಪಕ, ಮತದಾರ ಮತ್ತು ಪ್ರತಿನಿಧಿ ಇವರೆಲ್ಲರ ನಡುವೆಯೂ ಅದೇ ತೊಡಕು. ಏಜೆಂಟನಿಗೆ ತನ್ನದೇ ಸ್ವಾರ್ಥವಿರುತ್ತದೆ, ಅವನಿಗೆ ಗೊತ್ತಿರುವಷ್ಟು ಮಾಲೀಕನಿಗೆ ಗೊತ್ತಿರುವುದಿಲ್ಲ. ಯಾಂತ್ರಿಕ ಏಜೆಂಟಿಗೆ ಲಂಚದ ಆಸೆಯಿಲ್ಲ, ಅಳಿಯನಿಗೆ ಗುತ್ತಿಗೆ ಕೊಡಿಸುವ ಹಂಬಲವಿಲ್ಲ. ಅದರ ದೌರ್ಬಲ್ಯ ಇನ್ನೊಂದು ಬಗೆಯದು: ಅದು ಮುಗ್ಧ. ಓದಿದ್ದನ್ನೆಲ್ಲ ಆದೇಶವೆಂದು ಭಾವಿಸುವ ಅಪಾಯ ಅದಕ್ಕಿದೆ.

ಸರ್ಕಾರಿ ಕಚೇರಿಯ ಟಪಾಲು ವಿಭಾಗವನ್ನು ಊಹಿಸಿಕೊಳ್ಳಿ. ಯಾರೋ ಅಪರಿಚಿತರಿಂದ ಒಂದು ಅರ್ಜಿ ಬರುತ್ತದೆ. ಅದರ ಮೂರನೆಯ ಕಂಡಿಕೆಯಲ್ಲಿ ‘ಇದನ್ನು ಓದಿದ ಗುಮಾಸ್ತರು ಕಚೇರಿಯ ಎಲ್ಲ ಕಡತಗಳ ನಕಲನ್ನು ಈ ಕೆಳಗಿನ ವಿಳಾಸಕ್ಕೆ ಕಳುಹಿಸತಕ್ಕದ್ದು’ ಎಂದಿದೆ. ಎಷ್ಟೇ ದಡ್ಡ ಗುಮಾಸ್ತನಾದರೂ ನಕ್ಕು ಬದಿಗಿಡುತ್ತಾನೆ. ಅರ್ಜಿದಾರನ ಮಾತು ಯಾವುದು, ಮೇಲಧಿಕಾರಿಯ ಆದೇಶ ಯಾವುದು ಎಂಬ ವ್ಯತ್ಯಾಸ ಅವನಿಗೆ ಗೊತ್ತು. ಭಾಷಾ ಮಾದರಿಗೆ ಎರಡೂ ಪಠ್ಯವೇ. 2025ರ ಸೆಪ್ಟೆಂಬರ್‌ನಲ್ಲಿ ನೋಮಾ ಸೆಕ್ಯುರಿಟಿ ಎಂಬ ಭದ್ರತಾ ಸಂಸ್ಥೆ ಸೇಲ್ಸ್‌ಫೋರ್ಸ್‌ನ ಏಜೆಂಟ್‌ಫೋರ್ಸ್ ವ್ಯವಸ್ಥೆಯಲ್ಲಿ ಇಂಥದೇ ದೋಷವನ್ನು ಬಹಿರಂಗಪಡಿಸಿತು. ಜಾಲತಾಣದ ವಿಚಾರಣಾ ನಮೂನೆಯಲ್ಲಿ ‘ವಿವರಣೆ’ ಎಂಬ ಖಾನೆಯೊಳಗೆ ಹೊರಗಿನವನೊಬ್ಬ ಸೂಚನೆಗಳನ್ನು ಅಡಗಿಸಿಡಬಹುದಿತ್ತು. ಮುಂದೆ ನೌಕರನೊಬ್ಬ ಆ ವಿಚಾರಣೆಯನ್ನು ಪರಿಶೀಲಿಸೆಂದು ಏಜೆಂಟಿಗೆ ಹೇಳಿದಾಗ, ಅದು ಅಡಗಿದ ಸೂಚನೆಯನ್ನೂ ಪಾಲಿಸಿ ಗ್ರಾಹಕರ ಮಾಹಿತಿಯನ್ನು ಹೊರಗೆ ರವಾನಿಸಬಹುದಿತ್ತು. ವಿಶ್ವಾಸಾರ್ಹ ಪಟ್ಟಿಯಲ್ಲಿದ್ದ, ಅವಧಿ ಮುಗಿದುಹೋದ ಜಾಲ ವಿಳಾಸವೊಂದನ್ನು ಸಂಶೋಧಕರು ಕೇವಲ ಐದು ಡಾಲರಿಗೆ ಕೊಂಡು ಇದನ್ನು ತೋರಿಸಿದರು. ದೋಷದ ತೀವ್ರತೆಗೆ ಹತ್ತರಲ್ಲಿ 9.4 ಅಂಕ ಕೊಡಲಾಯಿತು. ಕಂಪನಿ ಅದನ್ನು ಸರಿಪಡಿಸಿತು ಎಂಬುದನ್ನೂ ಹೇಳಬೇಕು. ಆದರೆ ದೋಷದ ಬೇರು ಒಂದು ಕಂಪನಿಯದಲ್ಲ, ಈ ತಂತ್ರಜ್ಞಾನದ ಸ್ವಭಾವದ್ದು.

ಎರಡನೆಯ ಅಪಾಯ ಬೀಗದ ಕೈಯದು. ಮೇಲೆ ಹೇಳಿದ ಅನುಮತಿ ಚೀಟಿಗೆ ತಂತ್ರಜ್ಞರು ‘ಟೋಕನ್’ ಎನ್ನುತ್ತಾರೆ. ಅದನ್ನು ಹಿಡಿದವನೇ ಮಾಲೀಕ. 2025ರ ಆಗಸ್ಟ್ 8ರಿಂದ 18ರ ನಡುವೆ ದುಷ್ಕರ್ಮಿಗಳು, ಸೇಲ್ಸ್‌ಲಾಫ್ಟ್ ಎಂಬ ಸಂಸ್ಥೆಯ ಡ್ರಿಫ್ಟ್ ಎಂಬ ಚಾಟ್ ಏಜೆಂಟಿಗೆ ಗ್ರಾಹಕ ಕಂಪನಿಗಳು ಕೊಟ್ಟಿದ್ದ ಟೋಕನ್‌ಗಳನ್ನು ಕದ್ದು ಬಳಸಿ, ಆ ಕಂಪನಿಗಳ ಸೇಲ್ಸ್‌ಫೋರ್ಸ್ ಖಾತೆಗಳಿಂದ ಮಾಹಿತಿಯನ್ನು ಹೊರತೆಗೆದರು. ಏಳುನೂರಕ್ಕೂ ಹೆಚ್ಚು ಸಂಸ್ಥೆಗಳು ಇದರ ವ್ಯಾಪ್ತಿಗೆ ಬಂದಿರಬಹುದೆಂದು ಅಂದಾಜು. ಕ್ಲೌಡ್‌ಫ್ಲೇರ್, ಪಾಲೊ ಆಲ್ಟೊ ನೆಟ್‌ವರ್ಕ್ಸ್‌ನಂಥ, ಭದ್ರತೆಯೇ ಕಸುಬಾಗಿರುವ ಕಂಪನಿಗಳೂ ತಾವು ಬಾಧಿತರೆಂದು ಒಪ್ಪಿಕೊಂಡವು. ಸೇಲ್ಸ್‌ಫೋರ್ಸ್‌ನ ಕೋಟೆ ಒಡೆದಿರಲಿಲ್ಲ. ಬಾಗಿಲ ಕೈಯನ್ನು ಹಿಡಿದುಕೊಂಡಿದ್ದ ಮೂರನೆಯವನ ಜೇಬು ಕತ್ತರಿಸಲ್ಪಟ್ಟಿತ್ತು.

ಮೂರನೆಯದು ಸಾಮರ್ಥ್ಯದ ಪ್ರಶ್ನೆ. ಸೇಲ್ಸ್‌ಫೋರ್ಸ್‌ನದೇ ಸಂಶೋಧನಾ ವಿಭಾಗ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಸಿಆರ್‌ಎಂ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಬೇಕಾದಾಗ ಮುಂಚೂಣಿಯ ಏಜೆಂಟ್‌ಗಳು ಯಶಸ್ವಿಯಾದದ್ದು ಸುಮಾರು ಶೇ 58ರಷ್ಟು ಸಂದರ್ಭಗಳಲ್ಲಿ. ಮರುಪ್ರಶ್ನೆ ಕೇಳಿ ತಿಳಿದುಕೊಳ್ಳಬೇಕಾದ ಬಹುಸುತ್ತಿನ ಕೆಲಸಗಳಲ್ಲಿ ಆ ಪ್ರಮಾಣ ಸುಮಾರು ಶೇ 35ಕ್ಕೆ ಕುಸಿಯಿತು. ಗೋಪ್ಯ ಮಾಹಿತಿಯನ್ನು ಗೋಪ್ಯವೆಂದು ತಾನಾಗಿಯೇ ಅರಿಯುವ ಗುಣ ಬಹುತೇಕ ಶೂನ್ಯವೆಂದು ಅದೇ ಅಧ್ಯಯನ ಹೇಳಿತು. ಮಾದರಿಗಳು ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಿರುವುದು ನಿಜ. ಆದರೆ 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ವೇದಿಕೆಯ ಏಜೆಂಟ್, ಯಾವ ಬದಲಾವಣೆಯನ್ನೂ ಮಾಡಬಾರದೆಂಬ ಸ್ಪಷ್ಟ ಸೂಚನೆಯಿದ್ದಾಗಲೂ ಬಳಕೆದಾರನೊಬ್ಬನ ಚಾಲ್ತಿಯಲ್ಲಿದ್ದ ದತ್ತಾಂಶ ಕೋಶವನ್ನೇ ಅಳಿಸಿಹಾಕಿದ ಪ್ರಕರಣ ಮರೆಯುವಂಥದ್ದಲ್ಲ. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ‘ಮಾಡಬೇಡ’ ಎಂದು ಹೇಳುವುದಕ್ಕೂ ‘ಮಾಡಲಾಗದಂತೆ’ ಕಟ್ಟುವುದಕ್ಕೂ ಇರುವ ಅಂತರ ಇಲ್ಲಿದೆ.

ಈ ಅಂತರವನ್ನು ಕರ್ನಾಟಕ ಇಪ್ಪತ್ತೈದು ವರ್ಷಗಳ ಹಿಂದೆಯೇ ಅರಿತಿತ್ತು ಎಂಬುದು ನಮ್ಮ ಹೆಮ್ಮೆಯಾಗಬೇಕು. ರಾಜ್ಯದ 177 ತಾಲ್ಲೂಕುಗಳಿಗೆ ವಿಸ್ತರಿಸಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯನ್ನು ಜನ ನೆನೆಯುವುದು ಹದಿನೈದು ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿದ್ದಕ್ಕಾಗಿ. ಆಡಳಿತಗಾರರ ದೃಷ್ಟಿಯಲ್ಲಿ ಅದರ ನಿಜವಾದ ಸಾಧನೆ ಬೇರೆ. ದಾಖಲೆಯನ್ನು ತಿದ್ದುವ ಸಿಬ್ಬಂದಿ ಬೆರಳ ಗುರುತು ಕೊಟ್ಟೇ ಒಳಹೋಗಬೇಕಿತ್ತು. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕುತ್ತಿತ್ತು. ನೀತಿಬೋಧೆಯ ಕೆಲಸವನ್ನು ಅಲ್ಲಿ ವ್ಯವಸ್ಥೆಯ ರಚನೆಗೆ ವಹಿಸಲಾಗಿತ್ತು. ಮಧ್ಯವರ್ತಿಗಳು ಪೂರ್ತಿ ಮಾಯವಾಗಲಿಲ್ಲ, ಕೆಲವರು ಜಾಗ ಬದಲಿಸಿದರಷ್ಟೇ ಎಂಬ ಟೀಕೆಯನ್ನು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ್ದರು. ಅದೂ ಗಮನಾರ್ಹ. ಯಂತ್ರ ಬಂದಾಗ ಅಧಿಕಾರ ಕಣ್ಮರೆಯಾಗುವುದಿಲ್ಲ, ಕೈ ಬದಲಾಯಿಸುತ್ತದೆ. ಅದು ಯಾರ ಕೈಗೆ ಹೋಯಿತೆಂದು ನೋಡುವವರಿರಬೇಕು.

ಕಮಾಂಡ್ ಲೈನ್ ವಿಧಾನದ ನಿಜವಾದ ಗುಣ ನನಗೆ ಕಂಡದ್ದೂ ಇಲ್ಲಿಯೇ. ಅಲ್ಲಿ ಪ್ರತಿಯೊಂದು ಕೃತ್ಯವೂ ಒಂದು ಲಿಖಿತ ಸಾಲು. ಉಳಿಸಿಟ್ಟುಕೊಂಡರೆ ಅದು ನಮ್ಮ ಟಿಪ್ಪಣಿ ಹಾಳೆಯಂತೆಯೇ ಓದಲು ಸಿಗುತ್ತದೆ. ಚಿತ್ರಗಳನ್ನು ಒತ್ತುವಾಗ ಏನಾಯಿತೆಂದು ಆಮೇಲೆ ಹೇಳುವುದು ಕಷ್ಟ. ಸಾಲುಗಳನ್ನು ಮರಳಿ ಓದಬಹುದು. ಚಲಾಯಿಸುವ ಮೊದಲು ಪ್ರತಿ ಸಾಲಿಗೂ ಮನುಷ್ಯನ ಒಪ್ಪಿಗೆ ಕೇಳುವಂತೆ ಏಜೆಂಟನ್ನು ಇರಿಸಲೂಬಹುದು. ಆದರೆ ಒಂದು ಎಚ್ಚರಿಕೆ: ಐವತ್ತು ಬಾರಿ ಒಪ್ಪಿಗೆ ಕೇಳಿದರೆ ಐವತ್ತೊಂದನೆಯದನ್ನು ಓದದೆ ಒತ್ತುವುದು ಮನುಷ್ಯ ಸ್ವಭಾವ. ಕಡತದ ರಾಶಿಯ ಮುಂದೆ ಕುಳಿತು ‘ಅನುಮೋದಿಸಿದೆ’ ಎಂದು ಬರೆಯುವ ಕೈಗೆ ಆಗುವ ಆಯಾಸವನ್ನು ಬಲ್ಲವರು ಇದನ್ನು ಬೇಗ ಒಪ್ಪುತ್ತಾರೆ. ಆದಕಾರಣ ಎಲ್ಲಕ್ಕೂ ಒಪ್ಪಿಗೆ ಕೇಳುವ ಬದಲು, ಅಪಾಯಕಾರಿಯಾದ ಕೆಲವಕ್ಕೆ ಮಾತ್ರ ಕಡ್ಡಾಯವಾಗಿ ಕೇಳುವಂತೆ ಮಾಡುವುದು ವಿವೇಕ.

ಹಾಗಾದರೆ ಪ್ರತ್ಯಾಯೋಜನೆಯ ಆದೇಶದಲ್ಲಿ ಏನಿರಬೇಕು? ಮೊದಲನೆಯದಾಗಿ, ಏಜೆಂಟಿಗೆ ಅದರದೇ ಪ್ರತ್ಯೇಕ ಖಾತೆ ಇರಲಿ. ಮಾಲೀಕನ ಖಾತೆಯಲ್ಲಿ ಅದು ಕೆಲಸ ಮಾಡಿದರೆ ತಪ್ಪು ಯಾರದೆಂದು ಎಂದಿಗೂ ತಿಳಿಯದು. ಎರಡನೆಯದಾಗಿ, ಆರಂಭದಲ್ಲಿ ಓದುವ ಅಧಿಕಾರ ಮಾತ್ರ ಸಾಕು. ಅದೂ ಕೆಲಸಕ್ಕೆ ಬೇಕಾದ ಖಾನೆಗಳಿಗಷ್ಟೇ. ಬಾಕಿ ಪಟ್ಟಿ ಮಾಡಲು ರೈತನ ಆಧಾರ್ ಸಂಖ್ಯೆಯ ಅಗತ್ಯವಿಲ್ಲ. ಏಜೆಂಟ್ ಓದಿದ ಪ್ರತಿ ಸಾಲೂ ಸಾಮಾನ್ಯವಾಗಿ ಮಾದರಿಯನ್ನು ನಡೆಸುವ ದೂರದ ಕಂಪನಿಯ ಗಣಕಕ್ಕೆ ಹೋಗಿಯೇ ಬರುತ್ತದೆ ಎಂಬುದನ್ನು ಮರೆಯಬಾರದು. ಮೂರನೆಯದಾಗಿ, ತಿದ್ದುವ ಅಧಿಕಾರವನ್ನು ಪ್ರಯೋಗಾರ್ಥ ನಕಲು ಕೋಶದಲ್ಲಿ ಕೆಲ ವಾರ ಪರೀಕ್ಷಿಸಿದ ಬಳಿಕವೇ, ನಿರ್ದಿಷ್ಟ ಖಾನೆಗಳಿಗೆ ಮಿತಿಗೊಳಿಸಿ ಕೊಡಬೇಕು. ಅಳಿಸುವ ಅಧಿಕಾರವನ್ನು ಕೊಡಲೇಬಾರದು. ನಾಲ್ಕನೆಯದಾಗಿ, ಹೊರಗಿನವರಿಗೆ ಹೋಗುವ ಪತ್ರ ಮತ್ತು ಹಣಕ್ಕೆ ಸಂಬಂಧಿಸಿದ ಬದಲಾವಣೆ ಮನುಷ್ಯನ ಕಣ್ಣಿಗೆ ಬೀಳದೆ ಹೋಗಬಾರದು. ಐದನೆಯದಾಗಿ, ಟೋಕನ್‌ಗೆ ಅವಧಿಯಿರಲಿ, ಕಾಲಕಾಲಕ್ಕೆ ಬದಲಾಗಲಿ, ಕೆಲಸ ಮುಗಿದಾಗ ರದ್ದಾಗಲಿ. ವರ್ಗವಾಗಿ ಹೋದ ಅಧಿಕಾರಿಯ ಮಾದರಿ ಸಹಿಯನ್ನು ಬ್ಯಾಂಕಿನಿಂದ ಹಿಂಪಡೆಯುವುದಿಲ್ಲವೆ, ಇದೂ ಹಾಗೆಯೇ. ಆರನೆಯದಾಗಿ, ಏಜೆಂಟ್ ಚಲಾಯಿಸಿದ ಸಾಲುಗಳ ದಾಖಲೆಯನ್ನು ಅದರ ಕೈಗೆಟುಕದ ಬೇರೆ ಕಡೆ ಇಟ್ಟು, ವಾರಕ್ಕೊಮ್ಮೆ ಒಬ್ಬರು ಓದಬೇಕು.

ಇದು ಬರಿಯ ಒಳ್ಳೆಯ ಅಭ್ಯಾಸದ ಮಾತಲ್ಲ, ಕಾನೂನಿನ ಹೊಣೆಯೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ದತ್ತಾಂಶವನ್ನು ಸಂಸ್ಕರಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಅದನ್ನು ಸಂಗ್ರಹಿಸಿದ ಸಂಸ್ಥೆಯದೇ. ಸಮಂಜಸವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಸಿದ್ಧತೆಗೆ 18 ತಿಂಗಳ ಅವಕಾಶ ನೀಡಿ, ಪ್ರವೇಶ ನಿಯಂತ್ರಣ, ಕನಿಷ್ಠ ಒಂದು ವರ್ಷ ಲಾಗ್‌ಗಳ ಸಂರಕ್ಷಣೆ, ಸೋರಿಕೆಯಾದರೆ ಮಂಡಳಿಗೆ 72 ಗಂಟೆಗಳೊಳಗೆ ವಿವರವಾದ ವರದಿ ಇವುಗಳನ್ನು ವಿಧಿಸಿವೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ವಕೀಲರ ಪಡೆಯಿದೆ. ಕುಡುಮಲಕುಂಟೆಯ ಶೆಡ್ಡಿನ ಮಾಲೀಕನಿಗೆ ಈ ನಿಯಮಗಳನ್ನು ಕನ್ನಡದಲ್ಲಿ ವಿವರಿಸುವವರು ಯಾರು? ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು 1949ರಿಂದ ಸಣ್ಣ ಉದ್ದಿಮೆಗಳ ಪರವಾಗಿ ದುಡಿಯುತ್ತ ಬಂದಿರುವ ಕಾಸಿಯಾ ಕೈಜೋಡಿಸಿ, ಎರಡು ಪುಟದ ಮಾದರಿ ಆದೇಶವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಹಂಚಿದರೆ ಅದು ಹತ್ತು ವಿಚಾರ ಸಂಕಿರಣಗಳಿಗಿಂತ ಉಪಯುಕ್ತ. ಇದೇ ಮಾತು ಸರ್ಕಾರಕ್ಕೂ ಅನ್ವಯಿಸುತ್ತದೆ. ನಾಗರಿಕರ ಕುಂದುಕೊರತೆಯ 1902 ಸಹಾಯವಾಣಿ, ಸೇವಾ ಸಿಂಧು, ರೈತರ ‘ಫ್ರೂಟ್ಸ್’ ದತ್ತಾಂಶ ಇವೆಲ್ಲ ಒಂದರ್ಥದಲ್ಲಿ ಸರ್ಕಾರದ ಸಿಆರ್‌ಎಂಗಳೇ. ನಾಳೆ ಅವಕ್ಕೂ ಏಜೆಂಟ್‌ಗಳನ್ನು ಜೋಡಿಸುವ ಪ್ರಸ್ತಾವ ಬಂದರೆ, ತಂತ್ರಾಂಶದ ಬೆಲೆಗಿಂತ ಮೊದಲು ಪ್ರತ್ಯಾಯೋಜನೆಯ ಆದೇಶದ ಕರಡನ್ನು ಕೇಳುವ ಕಾರ್ಯದರ್ಶಿಗಳು ನಮಗೆ ಬೇಕು.

ಕೊನೆಯದಾಗಿ, ಆ ಬಿ.ಕಾಂ. ಓದಿದ ಹುಡುಗಿಯ ವಿಷಯ. ಎರಡು ದಿನದ ಕೆಲಸ ನಿಮಿಷಗಳಲ್ಲಿ ಮುಗಿದದ್ದನ್ನು ಅವಳೂ ನೋಡುತ್ತಿದ್ದಳು. ಅವಳ ಮುಖದಲ್ಲಿದ್ದ ಪ್ರಶ್ನೆಯನ್ನು ಓದಲು ಯಾವ ಕೃತಕ ಬುದ್ಧಿಮತ್ತೆಯೂ ಬೇಕಿರಲಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಇಂಥ ಪದವೀಧರರಿಗೆ, ಅದರಲ್ಲೂ ಊರು ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ, ಹತ್ತಿರದ ಕೈಗಾರಿಕಾ ಪ್ರದೇಶದ ಕಚೇರಿ ಕೆಲಸವೇ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಕಿತ್ತು ಉಳಿಸಿದ ಸಂಬಳವನ್ನು ಲಾಭವೆಂದು ಬರೆಯುವುದು ದೂರದೃಷ್ಟಿಯಿಲ್ಲದ ಲೆಕ್ಕ. ಪಟ್ಟಿಯಲ್ಲಿದ್ದ ಒಂದು ಅಂಗಡಿಯ ಹೆಸರನ್ನು ಕಂಡು ‘ಅವರ ಮನೆಯಲ್ಲಿ ಹೋದ ತಿಂಗಳು ಸಾವಾಗಿದೆ ಸರ್, ಈಗ ಬಾಕಿ ಕೇಳಿ ಕಾಗದ ಹಾಕಬಾರದು’ ಎಂದವಳು ಅವಳೇ. ಆ ಸಂಗತಿ ಯಾವ ಖಾನೆಯಲ್ಲಿಯೂ ದಾಖಲಾಗಿರಲಿಲ್ಲ. ಏಜೆಂಟ್ ಚಲಾಯಿಸಿದ ಸಾಲುಗಳನ್ನು ಓದುವ, ಕರಡು ಪತ್ರಗಳಿಗೆ ಒಪ್ಪಿಗೆ ಕೊಡುವ, ತಪ್ಪು ಹಿಡಿಯುವ ಕೆಲಸವನ್ನು ಅವಳಿಗೇ ವಹಿಸಿ ತರಬೇತಿ ಕೊಡು ಎಂಬುದು ಸೋದರಳಿಯನಿಗೆ ನಾನಿತ್ತ ಸಲಹೆ. ಅವನು ಏಜೆಂಟಿನ ಅಧಿಕಾರವನ್ನು ಓದುವುದಕ್ಕೆ ಇಳಿಸಿದ್ದಾನೆ. ಪರಿಶೀಲನೆಯ ಹೊಣೆ ಅವಳದಾಗಿದೆ.

ಗೌರಿಬಿದನೂರಿಗೆ ಸೂಕ್ಷ್ಮ ಉಪಕರಣಗಳು ಹೊಸವಲ್ಲ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಕಂಪನ ಮಾಪಕಗಳು 1965ರಿಂದ ಇಲ್ಲಿಯ ಕಲ್ಲುನೆಲಕ್ಕೆ ಕಿವಿಗೊಟ್ಟು, ದೂರದ ಭೂಕಂಪಗಳನ್ನೂ ಭೂಗತ ಅಣುಸ್ಫೋಟಗಳನ್ನೂ ದಾಖಲಿಸುತ್ತ ಬಂದಿವೆ. ನಡುಕವನ್ನು ಯಂತ್ರ ಹಿಡಿಯುತ್ತದೆ. ಅದು ನಿಸರ್ಗದ್ದೋ ಮನುಷ್ಯ ಕೃತವೋ ಎಂಬ ತೀರ್ಮಾನದ ಹೊಣೆಯನ್ನು ವಿಜ್ಞಾನಿಗಳು ಹೊರುತ್ತಾರೆ. ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪರೀಕ್ಷಿಸದೆ ಯಾವುದನ್ನೂ ಒಪ್ಪಬೇಡಿ ಎಂಬ ಮನೋಭಾವವನ್ನು ನಾಡಿಗೇ ಕಲಿಸಲು ಯತ್ನಿಸಿದವರು. ಹೊಸ ಗುಮಾಸ್ತನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆ ಎರಡು ಪರಂಪರೆಗಳನ್ನೂ ನೆನಪಿಟ್ಟುಕೊಂಡರೆ ಸಾಕು. ಅವನಿಗೆ ಮೇಜು ಕೊಡೋಣ, ಕೆಲಸ ಕೊಡೋಣ. ಬೀಗದ ಕೈಗೊಂಚಲು ಮಾತ್ರ, ಉತ್ತರ ಹೇಳಬೇಕಾದವರ ಸೊಂಟದಲ್ಲೇ ಇರಲಿ.